ಸೇನೆಯ ಪಿಸ್ತೂಲೂ ಲಕ್ಷ್ಯಭೇದದ ಸ್ಪರ್ಧೆಯೂ

೧

ಆಯುಧಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಯುದ್ಧಗಳ ಚರಿತ್ರೆಯನ್ನೇ ಬರೆಯುತ್ತಾರೆ. ಯಾವ ಆಯುಧವು ಯಾವ ಕಾಳಗದಲ್ಲಿ ಬಳಕೆಗೆ ಬಂದಿತು, ಅದರಿಂದ ಯಾರಿಗೆ ಜಯವಾಯಿತು ಎಂಬಷ್ಟರಲ್ಲಿಯೇ ಅವರ ವಿಚಾರವು ಮುಗಿಯುವುದು. ಆದರೆ ಆಯುಧಕ್ಕೆ ರಣರಂಗವಲ್ಲದೆ ಪರೀಕ್ಷಾರಂಗವೆಂಬ ಇನ್ನೊಂದು ರಂಗವೂ ಉಂಟು. ಮಹಾಭಾರತವನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ದ್ರುಪದನು ಮಗಳ ಸ್ವಯಂವರಕ್ಕೆಂದು ಸಾಮಾನ್ಯರಿಗೆ ಬಗ್ಗದ ಬೇರೊಂದು ಬಿಲ್ಲನ್ನೇ ಮಾಡಿಸಿದನು. ಬಂದ ರಾಜಕುಮಾರರು ತಾವು ಯುದ್ಧದಲ್ಲಿ ಹಿಡಿಯುತ್ತಿದ್ದ ಬಿಲ್ಲುಗಳಿಂದ ಅಲ್ಲಿ ಗುರಿಯನ್ನು ಭೇದಿಸಬೇಕಾಗಿರಲಿಲ್ಲ. ಪರೀಕ್ಷೆಯ ಬಿಲ್ಲು ಬೇರೆ, ಯುದ್ಧದ ಬಿಲ್ಲು ಬೇರೆ ಎಂಬುದು ಅಲ್ಲಿ ಮೊದಲೇ ನಿಶ್ಚಿತವಾಗಿದ್ದಿತು.

ಆಧುನಿಕ ಕಾಲದಲ್ಲಿ ಈ ವಿಷಯವು ಅಷ್ಟು ಸರಳವಾಗಿ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಅಮೆರಿಕೆಯಲ್ಲಿ ಸೈನಿಕನ ಪಿಸ್ತೂಲನ್ನೇ ಸ್ಪರ್ಧೆಯ ಆಯುಧವೆಂದು ಗೊತ್ತುಮಾಡಿದರು. ಗೊತ್ತುಮಾಡಿದ ಮೇಲೆ ಅದನ್ನು ಸ್ಪರ್ಧೆಗೆ ತಕ್ಕಂತೆ ತಿದ್ದಲು ತೊಡಗಿದರು. ತಿದ್ದುತ್ತ ಹೋದಂತೆ ಅದು ಎಷ್ಟರಮಟ್ಟಿಗೆ ಸೈನಿಕನ ಪಿಸ್ತೂಲಾಗಿ ಉಳಿಯುವುದು, ಪಡೆದ ಅಂಕವು ಗುರಿಕಾರನದೋ ಕೋವಿಯ ಕಮ್ಮಾರನದೋ ಎಂಬ ಪ್ರಶ್ನೆಯು ಇದರಿಂದ ಹುಟ್ಟಿತು. ಈ ಪ್ರಶ್ನೆಯ ಚರಿತ್ರೆಯೇ ಪ್ರಕೃತ ಲೇಖನದ ವಿಷಯವು.

೨

ಅಮೆರಿಕದ ಸೇನೆಯು ಫಿಲಿಪೈನ್ಸ್ ದ್ವೀಪಗಳಲ್ಲಿ ಮೊರೋ ಜನರೊಡನೆ ಕಾದಾಡುತ್ತಿದ್ದಾಗ ಅದರ ಕೈಯಲ್ಲಿದ್ದ ೦.೩೮ ಅಂಗುಲದ ರಿವಾಲ್ವರು ಸಾಲದೆಂದು ಕಂಡುಬಂದಿತು. ೧೯೦೪ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ನಡೆಸಿದ ಪರೀಕ್ಷೆಗಳ ಫಲವಾಗಿ ಗುಂಡಿನ ವ್ಯಾಸವು ೦.೪೫ ಅಂಗುಲಕ್ಕೆ ಕಡಿಮೆಯಾಗಿರಬಾರದೆಂಬ ನಿರ್ಣಯಕ್ಕೆ ಸೇನೆಯವರು ಬಂದರು. ಹಲವರು ತಯಾರಿಸಿದ ಪಿಸ್ತೂಲುಗಳಲ್ಲಿ ಜಾನ್ ಮೋಸೆಸ್ ಬ್ರೌನಿಂಗನು (೧೮೫೫–೧೯೨೬) ಯೋಜಿಸಿ ಕೋಲ್ಟ್ ಕಂಪನಿಯವರು ಮಾಡಿದ ಪಿಸ್ತೂಲು ಕಡೆಯ ಪರೀಕ್ಷೆಯಲ್ಲಿ ೬,೦೦೦ ತೋಟೆಗಳನ್ನು ಎಲ್ಲಿಯೂ ತಡೆಯಿಲ್ಲದೆ ಹಾರಿಸಿ ನಿಂತಿತು. ೧೯೧೧ನೆಯ ಮಾರ್ಚಿ ೨೯ರಂದು ಅದನ್ನು ಸೇನೆಯು ಸ್ವೀಕರಿಸಿತು. ಆ ವರ್ಷವೇ ಅದಕ್ಕೆ ಹೆಸರಾಯಿತು. ೧೯೨೦ರ ದಶಕದಲ್ಲಿ ಹಿಡಿ, ಟ್ರಿಗರು ಮೊದಲಾದವುಗಳಲ್ಲಿ ಅಲ್ಪಸ್ವಲ್ಪ ಬದಲಾವಣೆಯಾದುದನ್ನು ಬಿಟ್ಟರೆ, ೧೯೮೫ರಲ್ಲಿ ಬೆರೆಟ್ಟಾ ಪಿಸ್ತೂಲು ಅದರ ಸ್ಥಾನಕ್ಕೆ ಆಯ್ಕೆಯಾಗುವವರೆಗೆ ಅದೇ ಆ ಸೇನೆಯ ಮುಖ್ಯ ಕೈಪಿಸ್ತೂಲಾಗಿದ್ದಿತು.

ಈ ಪಿಸ್ತೂಲಿನ ರಚನೆಯನ್ನು ಸ್ವಲ್ಪ ತಿಳಿಯದೆ ಮುಂದಿನ ವಿಚಾರವು ತಿಳಿಯುವಂತಿಲ್ಲ. ಹಿಡಿಯುಳ್ಳ ಚೌಕಟ್ಟು ಕೆಳಗೆ; ಅದರ ಕೊರೆಗಳಲ್ಲಿ ಹಿಂದುಮುಂದಾಗಿ ಜಾರುವ ಸ್ಲೈಡು ಎಂಬ ಮೇಲ್ಕವಚವು ಮೇಲೆ; ಆ ಕವಚದೊಳಗೆ ಐದು ಅಂಗುಲದ ನಳಿಕೆ. ಗುಂಡು ಹಾರಿದ ಕೂಡಲೆ ನಳಿಕೆಯೂ ಮೇಲ್ಕವಚವೂ ಒಂದಕ್ಕೊಂದು ಕಚ್ಚಿಕೊಂಡೇ ಸ್ವಲ್ಪ ದೂರ ಹಿಂದೆ ಸರಿಯುವುವು. ಅನಂತರ ನಳಿಕೆಯ ಬುಡದಲ್ಲಿರುವ ಪುಟ್ಟ ಕೊಂಡಿಯೊಂದು ಅದನ್ನು ಕೆಳಕ್ಕೆಳೆದು ಬಿಡಿಸುವುದು. ಮೇಲ್ಕವಚವು ಒಂದೇ ಹಿಂದಕ್ಕೆ ಹೋಗಿ, ಖಾಲಿ ತೋಟೆಯನ್ನು ಹೊರಕ್ಕೆಸೆದು, ಕುದುರೆಯನ್ನು ಎತ್ತಿ ನಿಲ್ಲಿಸಿ, ಸ್ಪ್ರಿಂಗಿನ ಒತ್ತಡದಿಂದ ಮರಳಿ ಬರುವಾಗ ಹೊಸ ತೋಟೆಯನ್ನು ನಳಿಕೆಗೆ ತುಂಬುವುದು. ಹೀಗೆ ಪ್ರತಿಯೊಂದು ಗುಂಡಿಗೂ ನಳಿಕೆಯು ತನ್ನ ಸ್ಥಾನವನ್ನು ಬಿಟ್ಟು ಮತ್ತೆ ಸ್ಥಾನಕ್ಕೆ ಬರುತ್ತದೆ.

ಇಷ್ಟು ಚಲನೆಯು ಕೆಸರು, ಮರಳು, ಮಸಿಗಳ ನಡುವೆ ತಡೆಯಿಲ್ಲದೆ ನಡೆಯಬೇಕಾದರೆ ಭಾಗಗಳ ನಡುವೆ ಸಡಿಲು ಇರಲೇಬೇಕು. ಸಡಿಲಿಗೆ ಇನ್ನೊಂದು ಕಾರಣವೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಈ ಪಿಸ್ತೂಲನ್ನು ಕೋಲ್ಟ್ ಕಂಪನಿಯಲ್ಲದೆ ಬೆರಳಚ್ಚಿನ ಯಂತ್ರಗಳ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯೂ, ಬೇಟೆಯ ಬಂದೂಕುಗಳ ಇಥಾಕಾ ಕಂಪನಿಯೂ, ರೈಲ್ವೆ ಸಂಕೇತಗಳನ್ನು ಮಾಡುತ್ತಿದ್ದ ಯೂನಿಯನ್ ಸ್ವಿಚ್ ಕಂಪನಿಯೂ ತಯಾರಿಸಿದುವು. ಹೊಲಿಗೆಯಂತ್ರದ ಸಿಂಗರ್ ಕಂಪನಿಯು ೫೦೦ ಪಿಸ್ತೂಲುಗಳನ್ನು ಮಾಡಿಕೊಟ್ಟಿತು. ಒಂದು ಕಾರ್ಖಾನೆಯ ನಳಿಕೆಯು ಮತ್ತೊಂದರ ಚೌಕಟ್ಟಿಗೆ ಅರದ ಸಹಾಯವಿಲ್ಲದೆ ಹೊಂದಬೇಕೆಂಬುದು ಸೇನೆಯ ಕಟ್ಟಳೆ. ಆದುದರಿಂದ ಸಡಿಲು ಇಲ್ಲಿ ದೋಷವಲ್ಲ. ಬೇಕೆಂದೇ ಬಿಟ್ಟ ಗುಣವು. ಕೈಯಲ್ಲಿ ಅಲುಗಿಸಿದರೆ ಗಲಗಲ ಸದ್ದು ಮಾಡುವ ಸೇನೆಯ ಪಿಸ್ತೂಲನ್ನು ನೋಡಿ ನಕ್ಕವರು ಈ ಮರ್ಮವನ್ನು ಅರಿಯದವರು.

೩

ಸ್ಪರ್ಧೆಯ ಕಡೆಯ ಚರಿತ್ರೆಯು ಇದಕ್ಕಿಂತ ಸ್ವಲ್ಪ ಹಿಂದಿನದು. ಅಮೆರಿಕದ ಕಾಂಗ್ರೆಸ್ಸು ೧೯೦೩ರಲ್ಲಿ ಬಂದೂಕಿನ ಅಭ್ಯಾಸವನ್ನು ಉತ್ತೇಜಿಸಲು ಒಂದು ರಾಷ್ಟ್ರೀಯ ಮಂಡಲಿಯನ್ನು ಏರ್ಪಡಿಸಿತು. ಆ ವರ್ಷವೇ ನ್ಯೂಜರ್ಸಿಯ ಸೀಗರ್ಟಿನಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆದುವು. ೧೯೦೭ರಲ್ಲಿ ಅವು ಒಹಾಯೋ ಪ್ರಾಂತದ ಈರಿ ಸರೋವರದ ತೀರದಲ್ಲಿರುವ ಕ್ಯಾಂಪ್ ಪೆರಿಗೆ ಬಂದುವು. ಯುದ್ಧವು ಬಂದಾಗ ಸೈನಿಕನೂ ನಾಗರಿಕನೂ ಗುರಿಯಿಡಲು ಬಲ್ಲವರಾಗಿರಬೇಕೆಂಬುದೇ ಈ ಪಂದ್ಯಗಳ ಉದ್ದೇಶವು. ಸೇನೆಯ ಆಯುಧದಿಂದಲೇ ಸ್ಪರ್ಧಿಸಬೇಕೆಂಬ ನಿಯಮವು ಈ ಉದ್ದೇಶದಿಂದ ಸಹಜವಾಗಿ ಹುಟ್ಟಿತು.

ಪಿಸ್ತೂಲಿನ ಪಂದ್ಯವು ಕಾಲಕ್ರಮದಲ್ಲಿ ಒಂದು ಸ್ಥಿರರೂಪಕ್ಕೆ ಬಂದಿತು. ಐವತ್ತು ಗಜದಲ್ಲಿ ನಿಧಾನವಾಗಿ ಹತ್ತು ಗುಂಡು. ಇಪ್ಪತ್ತೈದು ಗಜದಲ್ಲಿ ಇಪ್ಪತ್ತು ಸೆಕೆಂಡುಗಳೊಳಗೆ ಐದರಂತೆ ಎರಡು ಸಾರಿ. ಮತ್ತೆ ಅಷ್ಟೇ ದೂರದಲ್ಲಿ ಹತ್ತು ಸೆಕೆಂಡುಗಳೊಳಗೆ ಐದರಂತೆ ಎರಡು ಸಾರಿ. ಹೀಗೆ ಮೂವತ್ತು ಗುಂಡು, ಮುನ್ನೂರು ಅಂಕ. ಎಲ್ಲವನ್ನೂ ಒಂದೇ ಕೈಯಲ್ಲಿ, ನಿಂತು, ಆಸರೆಯಿಲ್ಲದೆ ಹಾರಿಸಬೇಕು. ಗುರಿಹಲಗೆಯಲ್ಲಿ ಹತ್ತು ಅಂಕದ ವಲಯದ ವ್ಯಾಸವು ೩.೩೬ ಅಂಗುಲ, ಎಂದರೆ ನಡುವಿನಿಂದ ಅಂಚಿಗೆ ೧.೬೮ ಅಂಗುಲ.

ಈ ಅಳತೆಯನ್ನು ಪಿಸ್ತೂಲಿನ ಸಡಿಲಿನೊಡನೆ ಹೋಲಿಸಿ ನೋಡಿದರೆ ವಿಷಯವು ಸ್ಪಷ್ಟವಾಗುವುದು. ಐವತ್ತು ಗಜವೆಂದರೆ ೧,೮೦೦ ಅಂಗುಲ. ಇದು ನಳಿಕೆಯ ಉದ್ದದ ೩೬೦ ಪಾಲು. ನಳಿಕೆಯ ಬುಡವು ಸ್ಥಿರವಾಗಿದ್ದು ಬಾಯಿಯು ಒಂದು ಅಂಗುಲದ ಇನ್ನೂರರಲ್ಲಿ ಒಂದು ಭಾಗದಷ್ಟು ಮಾತ್ರ ಪಕ್ಕಕ್ಕೆ ಸರಿದಿದ್ದರೆ, ಗುರಿಹಲಗೆಯಲ್ಲಿ ಆ ತಪ್ಪು ೧.೮ ಅಂಗುಲವಾಗುವುದು. ನಡುವಿಗೇ ಗುರಿಯಿಟ್ಟವನ ಗುಂಡಿನ ಕೇಂದ್ರವು ಹತ್ತರ ವಲಯದ ಗೆರೆಯನ್ನು ದಾಟುವುದು. ಯುದ್ಧದಲ್ಲಿ ಈ ಸಡಿಲಿಗೆ ಬೆಲೆಯಿಲ್ಲ. ಹತ್ತಿಪ್ಪತ್ತು ಗಜದಲ್ಲಿ ಎದುರಾದ ಶತ್ರುವಿನ ಮೇಲೆ ಬೀಳುವ ಗುಂಡಿಗೆ ಎರಡು ಅಂಗುಲದ ವ್ಯತ್ಯಾಸವು ಲೆಕ್ಕವಲ್ಲ. ಸ್ಪರ್ಧೆಯಲ್ಲಿಯಾದರೋ ಅದೇ ಸೋಲು ಗೆಲುವುಗಳನ್ನು ನಿರ್ಣಯಿಸುವುದು.

೪

ಆದುದರಿಂದ ತಿದ್ದುವ ಕಾರ್ಯವು ನಳಿಕೆಯಿಂದಲೇ ಮೊದಲಾಯಿತು. ಗುರಿ ನೋಡುವ ಮುಂದಿನ ಕಡ್ಡಿಯೂ ಹಿಂದಿನ ಗಂಡಿಯೂ ಮೇಲ್ಕವಚದ ಮೇಲೆ ಇರುವುದರಿಂದ, ನಳಿಕೆಯು ಪ್ರತಿಸಾರಿಯೂ ಆ ಕವಚದೊಳಗೆ ಅದೇ ಸ್ಥಾನಕ್ಕೆ ಬಂದು ಕೂರುವುದೇ ಮುಖ್ಯವು. ಇದಕ್ಕಾಗಿ ನಳಿಕೆಯ ಬಾಯಿಯನ್ನು ಹಿಡಿದಿರುವ ಬುಷ್ಷನ್ನು ಬಿಗಿಯಾಗಿ ಹೊಂದಿಸಿದರು. ಬುಡದ ಹಲ್ಲುಗಳು ಕವಚದ ಕೊರೆಗಳಲ್ಲಿ ಪೂರ್ಣವಾಗಿ ಕಚ್ಚುವಂತೆ ಉಜ್ಜಿ ಕೂರಿಸಿದರು. ಕವಚವೂ ಚೌಕಟ್ಟೂ ಸೇರುವ ಕಂಬಿಗಳನ್ನು ತಟ್ಟಿ ಒತ್ತಿ ಅಲುಗಾಟವನ್ನು ನೀಗಿದರು. ಗುರಿಸಾಧನಗಳೆರಡೂ ಕವಚದ ಮೇಲೆಯೇ ಇರುವುದರಿಂದ ಈ ಕಡೆಯ ಕೆಲಸದ ಫಲವು ಮೊದಲಿನೆರಡಕ್ಕಿಂತ ಕಡಿಮೆಯಾದರೂ, ಕೈಗೆ ತೋರುವುದು ಅದೇ ಆದುದರಿಂದ ಜನರು ಅದನ್ನೇ ಹೆಚ್ಚಾಗಿ ಕೊಂಡಾಡಿದರು.

ಎರಡನೆಯದು ಟ್ರಿಗರಿನ ಕೆಲಸ. ಪಿಸ್ತೂಲಿನ ತೂಕವು ಸುಮಾರು ೩೯ ಔನ್ಸು, ಎಂದರೆ ಎರಡೂವರೆ ಪೌಂಡಿಗೂ ಸ್ವಲ್ಪ ಕಡಿಮೆ. ಸೇನೆಯ ಪಿಸ್ತೂಲಿನ ಪಂದ್ಯದಲ್ಲಿ ಟ್ರಿಗರು ನಾಲ್ಕು ಪೌಂಡಿನ ತೂಕವನ್ನು ಎತ್ತಿ ತಡೆಯಬೇಕೆಂದು ನಿಯಮವಿದ್ದಿತು. ತಾನು ಹಿಡಿದ ವಸ್ತುವಿನ ತೂಕಕ್ಕಿಂತ ಹೆಚ್ಚಾದ ಬಲವನ್ನು ಒಂದೇ ಬೆರಳಿನಿಂದ, ಅದು ಅಲುಗದಂತೆ, ಪ್ರಯೋಗಿಸಬೇಕಾದ ಕಷ್ಟವನ್ನು ಊಹಿಸಬಹುದು. ನಿಪುಣನಾದ ಕಮ್ಮಾರನು ಈ ಭಾರವನ್ನು ನಿಯಮಕ್ಕಿಂತ ಕೆಳಗೆ ಇಳಿಸುತ್ತಿರಲಿಲ್ಲ. ಕುದುರೆಯನ್ನು ಹಿಡಿದಿರುವ ಕಚ್ಚುಗಳನ್ನು ನುಣುಪು ಮಾಡಿ, ತೊಡರಿಲ್ಲದೆ ಒಂದೇ ಕ್ಷಣದಲ್ಲಿ ಬಿಡುವಂತೆ ಮಾಡುತ್ತಿದ್ದನು. ಅತಿಯಾಗಿ ಉಜ್ಜಿದರೆ ಕಚ್ಚು ನಿಲ್ಲದೆ ಪಿಸ್ತೂಲು ತಾನಾಗಿಯೇ ಹಾರುವ ಅಪಾಯವಿತ್ತು. ಮೂರನೆಯದಾಗಿ, ಸೇನೆಯ ಚಿಕ್ಕ ಗುರಿಸಾಧನಗಳ ಬದಲು ಎತ್ತರವಾದ, ತಿರುಪಿನಿಂದ ಸರಿಪಡಿಸಬಹುದಾದ ಸಾಧನಗಳು ಬಂದುವು.

ಕೋಲ್ಟ್ ಕಂಪನಿಯವರು ೧೯೩೦ರ ದಶಕದ ಆರಂಭದಲ್ಲಿಯೇ ಕೈಯಿಂದ ಹೊಂದಿಸಿದ ‘ನ್ಯಾಷನಲ್ ಮ್ಯಾಚ್’ ಎಂಬ ಪಿಸ್ತೂಲನ್ನು ಮಾರಾಟಕ್ಕೆ ತಂದರು. ಯುದ್ಧದಲ್ಲಿ ನಿಂತುಹೋದ ಅದು ೧೯೫೭ರಲ್ಲಿ ‘ಗೋಲ್ಡ್ ಕಪ್’ ಎಂಬ ಹೆಸರನ್ನು ಸೇರಿಸಿಕೊಂಡು ಮರಳಿತು. ಸೇನೆಯೂ ಸುಮ್ಮನಿರಲಿಲ್ಲ. ೧೯೫೦ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಆಯುಧಶಾಲೆಯಲ್ಲಿ ಹಳೆಯ ಪಿಸ್ತೂಲುಗಳನ್ನು ಪಂದ್ಯಕ್ಕೆಂದು ತಿದ್ದತೊಡಗಿದರು. ೧೯೫೬ರಲ್ಲಿ ಜಾರ್ಜಿಯಾ ಪ್ರಾಂತದ ಫೋರ್ಟ್ ಬೆನ್ನಿಂಗಿನಲ್ಲಿ ಗುರಿಕಾರರ ವಿಶೇಷ ದಳವೊಂದು ಸ್ಥಾಪಿತವಾಗಿ, ಗುರಿಕಾರನೂ ಕಮ್ಮಾರನೂ ಒಂದೇ ಬಿಡಾರದಲ್ಲಿ ಕೆಲಸ ಮಾಡುವಂತಾಯಿತು. ಸೈನ್ಯದವರೇ ಮುಂದಾಗಿದ್ದ ಆ ಕಾಲದಲ್ಲಿ, ೧೯೫೮ರ ರಾಷ್ಟ್ರೀಯ ಪಿಸ್ತೂಲು ಪಂದ್ಯವನ್ನು ಗೆದ್ದವನು ಲೂಯಿಸಿಯಾನದ ಜಿಮ್ ಕ್ಲಾರ್ಕ್ ಎಂಬ ನಾಗರಿಕ. ಅವನ ವೃತ್ತಿಯು ಕೋವಿಗಳನ್ನು ತಿದ್ದುವುದೇ ಆಗಿದ್ದಿತೆಂಬುದು ಗಮನಾರ್ಹವಾದುದು. ಕೈಯ ಅಭ್ಯಾಸವೂ ಅರದ ಅಭ್ಯಾಸವೂ ಒಬ್ಬನಲ್ಲಿಯೇ ಕೂಡಿದಾಗ ಅಂಕವು ಯಾರದೆಂಬ ಪ್ರಶ್ನೆಗೆ ಅವಕಾಶವೇ ಇಲ್ಲದಾಯಿತು.

೫

ಇಂತಹ ತಿದ್ದುಪಾಟಿನಿಂದ ಪಂದ್ಯದ ಮೂಲೋದ್ದೇಶವು ಕೆಟ್ಟಿತೆಂದು ಆಕ್ಷೇಪಿಸುವವರುಂಟು. ಬಿಗಿಗೊಳಿಸಿದ ಪಿಸ್ತೂಲನ್ನು ಹಸನಾಗಿಟ್ಟು ಎಣ್ಣೆಹಾಕಿ ಸಾಕಬೇಕು. ಕೆಸರಿಗೆ ಬಿದ್ದರೆ ಅದು ಹಳೆಯ ಸಡಿಲು ಪಿಸ್ತೂಲಿನಂತೆ ನಡೆಯುವುದೆಂಬ ಭರವಸೆಯಿಲ್ಲ. ಅದರ ಭಾಗಗಳು ಬೇರೊಂದಕ್ಕೆ ಹೊಂದುವುದಿಲ್ಲ. ಯಾವ ಎರಡು ಗುಣಗಳಿಗಾಗಿ ಸೇನೆಯು ಅದನ್ನು ಆರಿಸಿತೋ ಆ ಎರಡನ್ನೂ ಅದು ಕಳೆದುಕೊಂಡಿತು. ಈ ಆಕ್ಷೇಪದಲ್ಲಿ ಸತ್ಯವುಂಟು, ಪೂರ್ಣ ಸತ್ಯವಲ್ಲ.

ಗುರಿಯನ್ನು ಕಲಿಯುವವನಿಗೆ ಸಡಿಲಾದ ಪಿಸ್ತೂಲು ಒಳ್ಳೆಯ ಗುರುವಲ್ಲ. ಗುಂಡು ವಲಯದ ಹೊರಗೆ ಬಿದ್ದಾಗ ಬೆರಳು ತಪ್ಪಿತೋ, ಕಣ್ಣು ತಪ್ಪಿತೋ, ನಳಿಕೆಯೇ ತಪ್ಪಿತೋ ಎಂಬುದು ಅವನಿಗೆ ತಿಳಿಯದು. ನಳಿಕೆಯ ತಪ್ಪನ್ನು ನೀಗಿದ ಮೇಲೆ ಉಳಿಯುವ ತಪ್ಪೆಲ್ಲವೂ ಅವನದೇ. ಶ್ರುತಿ ಸೇರದ ವೀಣೆಯಲ್ಲಿ ಅಭ್ಯಾಸ ಮಾಡುವವನಿಗೆ ತನ್ನ ಅಪಸ್ವರವು ಕೇಳಿಸದು. ಶ್ರುತಿ ಸೇರಿದ ವೀಣೆಯು ಅದನ್ನು ಮುಚ್ಚಿಡದು. ತಿದ್ದಿದ ಪಿಸ್ತೂಲು ಯಾರ ಕೈಯನ್ನೂ ಸ್ಥಿರಗೊಳಿಸಲಿಲ್ಲ. ಕೈಯ ಅಸ್ಥಿರತೆಯನ್ನು ಬಯಲಿಗೆ ತಂದಿತು. ಈ ದೃಷ್ಟಿಯಿಂದ ನೋಡಿದರೆ ಕಮ್ಮಾರನ ಕೆಲಸವು ೧೯೦೩ರ ಉದ್ದೇಶಕ್ಕೆ ವಿರೋಧವಾಗಿರದೆ ಅದರ ಸಾಧನವೇ ಆಗಿದ್ದಿತು.

ಎಲ್ಲೆಯು ಬೇರೆ ಕಡೆಯಲ್ಲಿದ್ದಿತು. ಸೇನೆಯ ತೋಟೆಯ ಗುಂಡು ೨೩೦ ಗ್ರೇನ್ ತೂಕದ್ದು. ಅದರ ಒದೆತವು ತೀವ್ರವಾದುದೆಂದು ಇತರ ಪಂದ್ಯಗಳಲ್ಲಿ ೧೮೫ ಅಥವಾ ೨೦೦ ಗ್ರೇನಿನ ಗುಂಡನ್ನೂ ಕಡಿಮೆ ಮದ್ದನ್ನೂ ಬಳಸಿದರು. ಮೆಲ್ಲನೆಯ ಒದೆತಕ್ಕೆ ಮೇಲ್ಕವಚವು ಪೂರ್ಣವಾಗಿ ಸರಿಯದ ಕಾರಣ ಸ್ಪ್ರಿಂಗನ್ನೂ ಮೆದುಗೊಳಿಸಬೇಕಾಯಿತು. ಇದು ಗುರಿಕಾರನ ದೋಷವನ್ನು ತೋರಿಸುವ ತಿದ್ದುಪಾಟಲ್ಲ, ಅವನ ಕಷ್ಟವನ್ನು ತಗ್ಗಿಸುವ ತಿದ್ದುಪಾಟು. ಸೇನೆಯ ಪಿಸ್ತೂಲಿನ ಪಂದ್ಯದಲ್ಲಿ ಪೂರ್ಣ ತೂಕದ ತೋಟೆಯನ್ನೇ ಹಾರಿಸಬೇಕು, ಸುರಕ್ಷೆಯ ಅಂಗಗಳೆಲ್ಲ ಕೆಲಸ ಮಾಡುತ್ತಿರಬೇಕು, ಟ್ರಿಗರಿನ ಭಾರವು ನಾಲ್ಕು ಪೌಂಡಿಗಿಂತ ಇಳಿಯಕೂಡದು ಎಂದು ವಿಧಿಸಿದವರು ಈ ಭೇದವನ್ನು ಬಲ್ಲವರಾಗಿದ್ದರು.

ಎಲ್ಲೆಯಿಲ್ಲದೆಡೆ ಏನಾಗುವುದೆಂಬುದನ್ನು ಮುಂದಿನ ಚರಿತ್ರೆಯು ತೋರಿಸಿತು. ೧೯೭೬ರಲ್ಲಿ ಮಿಸೌರಿಯ ಕೊಲಂಬಿಯಾ ನಗರದಲ್ಲಿ ಸೇರಿದ ಸಭೆಯಿಂದ, ಗುರಿ, ಬಲ, ವೇಗ ಈ ಮೂರನ್ನೂ ಪರೀಕ್ಷಿಸುವ ಹೊಸ ಬಗೆಯ ಸ್ಪರ್ಧೆಯೊಂದು ಅಂತರರಾಷ್ಟ್ರೀಯ ರೂಪವನ್ನು ತಾಳಿತು. ಆತ್ಮರಕ್ಷಣೆಯ ಪಿಸ್ತೂಲಿನ ಪ್ರಯೋಗವನ್ನು ಬೆಳೆಸುವುದೇ ಅದರ ಉದ್ದೇಶವಾಗಿದ್ದಿತು. ಆದರೆ ಸ್ವಲ್ಪ ಕಾಲದಲ್ಲಿಯೇ ನಳಿಕೆಯ ತುದಿಗೆ ಹೊಗೆಯನ್ನು ಮೇಲಕ್ಕೆ ತಿರುಗಿಸಿ ಒದೆತವನ್ನು ತಗ್ಗಿಸುವ ಕೊಳವೆಗಳೂ, ಆಮೇಲೆ ಕೆಂಪು ಚುಕ್ಕೆಯನ್ನು ತೋರುವ ಗಾಜಿನ ಗುರಿಸಾಧನಗಳೂ ಬಂದುವು. ಸೊಂಟದಲ್ಲಿ ಧರಿಸಿ ನಡೆಯಲಾರದ ಪಿಸ್ತೂಲುಗಳು ಪಂದ್ಯಗಳನ್ನು ಗೆದ್ದುವು. ಕಡೆಗೆ ನಿಯಮಕರ್ತರು ಸ್ಪರ್ಧಿಗಳನ್ನು ವರ್ಗಗಳಾಗಿ ವಿಂಗಡಿಸಿ, ಬಹುಮಟ್ಟಿಗೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಪಿಸ್ತೂಲುಗಳಿಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಬೇಕಾಯಿತು. ಕ್ಯಾಂಪ್ ಪೆರಿಯಲ್ಲಿಯೂ ಇಪ್ಪತ್ತೊಂದನೆಯ ಶತಮಾನದಲ್ಲಿ, ಸೇನೆಯು ಕೊಟ್ಟಂತೆಯೇ ಉಳಿದಿರುವ ೧೯೧೧ರ ಪಿಸ್ತೂಲುಗಳಿಗಾಗಿಯೇ ಬೇರೊಂದು ಪಂದ್ಯವು ಏರ್ಪಟ್ಟಿತು. ತಿದ್ದುಪಾಟಿನ ಚರಿತ್ರೆಯು ಹೀಗೆ ಒಂದು ಸುತ್ತನ್ನು ಸುತ್ತಿ, ಗಲಗಲಿಸುವ ಹಳೆಯ ಪಿಸ್ತೂಲಿನ ಬಳಿಗೇ ಬಂದಿತು.

ಇವೆಲ್ಲವನ್ನೂ ಪರ್ಯಾಲೋಚಿಸಿದರೆ ತೋರುವುದಿಷ್ಟು. ಆಯುಧವನ್ನು ತಿದ್ದುವುದರಿಂದಲೇ ಸ್ಪರ್ಧೆಯು ಕೆಡುವುದಿಲ್ಲ. ತಿದ್ದದೆ ಬಿಡುವುದರಿಂದಲೇ ಅದು ಶುದ್ಧವಾಗುವುದೂ ಇಲ್ಲ. ಯಾವ ತಿದ್ದುಪಾಟು ಗುರಿಕಾರನ ತಪ್ಪನ್ನು ಅವನಿಗೆ ತೋರಿಸುವುದೋ ಅದು ವಿದ್ಯೆಗೆ ಸಹಾಯವು. ಯಾವುದು ಅವನ ತಪ್ಪನ್ನು ತಾನು ಹೊರುವುದೋ ಅದು ವಿದ್ಯೆಯನ್ನು ಯಂತ್ರಕ್ಕೆ ಒಪ್ಪಿಸುವುದು. ಇವೆರಡರ ನಡುವೆ ಗೆರೆಯನ್ನೆಳೆಯುವ ಪ್ರಯತ್ನವೇ ಕ್ಯಾಂಪ್ ಪೆರಿಯ ಪಂದ್ಯನಿಯಮಗಳ ಚರಿತ್ರೆಯು.