ನೀರಿನ ಮೇಲಿನ ಗೆರೆ

1919ರ ಜುಲೈ 27. ಷಿಕಾಗೋದ ಮಿಚಿಗನ್ ಸರೋವರದಲ್ಲಿ ಯೂಜಿನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ತೇಲುತ್ತಾ ಬಿಳಿಯರ ಪಾಲಿನ ನೀರಿಗೆ ಬಂದ. ದಡದಿಂದ ಕಲ್ಲು ಬಿದ್ದವು. ಹುಡುಗ ಮುಳುಗಿ ಸತ್ತ. ಕಲ್ಲೆಸೆದವನನ್ನು ಹಿಡಿಯಿರಿ ಅಂದರೂ ಪೊಲೀಸಿನವ ಹಿಡಿಯಲಿಲ್ಲ. ಆ ಗಲಭೆಯಲ್ಲಿ ಸತ್ತವರು 38 ಜನ: ಕಪ್ಪುಜನ 23, ಬಿಳಿಯರು 15.

ನೀರಿನ ಮೇಲೆ ಗೆರೆ ಎಳೆದವರಾರು? ಕಾನೂನಿನಲ್ಲಿ ಅದಿರಲಿಲ್ಲ, ರೂಢಿಯಲ್ಲಿತ್ತು. ಮುಂದೆ ಬಿಳಿಯ ಮನೆಮಾಲೀಕರು ಕಪ್ಪುಜನರಿಗೆ ಮನೆ ಮಾರೋದಿಲ್ಲ, ಬಾಡಿಗೆಗೂ ಕೊಡೋದಿಲ್ಲ ಅಂತ ಕರಾರನ್ನೇ ಬರೆದುಕೊಂಡರು. ಕೋರ್ಟುಗಳು ಅದನ್ನು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಅಷ್ಟರಲ್ಲಿ ದಕ್ಷಿಣದ ರಾಜ್ಯಗಳಿಂದ ವಲಸೆ ಬಂದವರು ನಗರದ ಒಂದೇ ಪಟ್ಟಿಯಲ್ಲಿ ಕಿಕ್ಕಿರಿದಿದ್ದರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ದುಬಾರಿ ಬಾಡಿಗೆ.

ಇಷ್ಟೇ ಹೇಳಿದರೆ ಅರ್ಧ ಚರಿತ್ರೆ. ಆ ಕೇರಿ ತನ್ನನ್ನು ಬ್ರಾಂಜ್‌ವಿಲ್ ಎಂದು ಕರೆದುಕೊಂಡಿತು. ಕಪ್ಪು ದಾದಿಯರಿಗೆ ತರಬೇತಿ ಕೊಡುವ ಪ್ರಾವಿಡೆಂಟ್ ಆಸ್ಪತ್ರೆ 1891ರಲ್ಲೇ ಶುರುವಾಗಿತ್ತು. 1905ರಲ್ಲಿ ರಾಬರ್ಟ್ ಅಬಟ್ 'ಷಿಕಾಗೋ ಡಿಫೆಂಡರ್' ಪತ್ರಿಕೆ ತೆಗೆದ. ರೈಲಿನ ಕಪ್ಪು ಪೋರ್ಟರುಗಳು ಅದನ್ನು ದಕ್ಷಿಣದ ಊರೂರಿಗೆ ಮುಟ್ಟಿಸಿದರು.

ದಲಿತ ವಿಮರ್ಶೆ ಇದನ್ನು ಗಮನಿಸಬೇಕು. ಕೇರಿಯನ್ನು ಬರೀ ಗಾಯವೆಂದು ಓದಿದರೆ ಕಟ್ಟಿದವರು ಕಾಣೆಯಾಗುತ್ತಾರೆ. ಬರೀ ಸಂಭ್ರಮವೆಂದು ಓದಿದರೆ ಗೆರೆ ಎಳೆದವರು ತಪ್ಪಿಸಿಕೊಳ್ಳುತ್ತಾರೆ.