ಕವಿಯ ಹಕ್ಕು, ಕೊಂಡವರ ಹಕ್ಕು

ಎವಿಎಂ ಚಿತ್ರಸಂಸ್ಥೆ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ‘ಬೇಡರ ಕಣ್ಣಪ್ಪ’. 1954ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕರಾಗಿ ತೆರೆಗೆ ತಂದ ಆ ಚಿತ್ರದ ಹಿಂದೆ ಮದರಾಸಿನ ಎ.ವಿ. ಮೆಯ್ಯಪ್ಪನ್ ಇದ್ದರು. ಅದಕ್ಕೆ ಕೆಲವು ವರ್ಷ ಮೊದಲು ಇದೇ ಮೆಯ್ಯಪ್ಪನ್, ತೀರಿಕೊಂಡು ಕಾಲು ಶತಮಾನ ಕಳೆದಿದ್ದ ಕವಿಯೊಬ್ಬರ ಹಾಡುಗಳಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ್ದರು. ಆ ಕವಿ ತಮಿಳಿನ ಸುಬ್ರಹ್ಮಣ್ಯ ಭಾರತಿ.

ಭಾರತಿಗೆ ಬರವಣಿಗೆಯಿಂದಲೇ ಬದುಕುವ ಹಂಬಲವಿತ್ತು. 1920ರಲ್ಲಿ ಕಡಯಂ ಊರಿನಿಂದ ಅವರು ಪರಿಚಿತರಿಗೆಲ್ಲ ಒಂದು ಪತ್ರ ಕಳಿಸಿದರು. ತಮ್ಮ ಬರಹಗಳನ್ನು 40 ಪುಸ್ತಕಗಳಾಗಿ, ತಲಾ 10,000 ಪ್ರತಿಯಂತೆ ಅಚ್ಚು ಹಾಕಿಸುವ ಯೋಜನೆ ಅದು. ಅದಕ್ಕಾಗಿ ಒಬ್ಬೊಬ್ಬರಿಂದ 100 ರೂಪಾಯಿ ಸಾಲ ಕೇಳಿದ್ದರು, ಬಡ್ಡಿ ಸಮೇತ ತೀರಿಸುವುದಾಗಿಯೂ ಬರೆದಿದ್ದರು. ಸೀಮೆಎಣ್ಣೆ, ಬೆಂಕಿಪೆಟ್ಟಿಗೆಗಿಂತ ಸಲೀಸಾಗಿ ತಮ್ಮ ಪುಸ್ತಕ ಮನೆಮನೆ ತಲುಪಬೇಕೆಂಬುದು ಅವರ ಆಸೆ. ದುಡ್ಡು ಕೂಡಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ, ಇನ್ನೂ 38ರ ವಯಸ್ಸಿನಲ್ಲಿ, ಮದರಾಸಿನ ತಿರುವಲ್ಲಿಕೇಣಿಯಲ್ಲಿ ಅವರು ಕಣ್ಣುಮುಚ್ಚಿದರು.

ಹೆಂಡತಿ ಚೆಲ್ಲಮ್ಮ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಉಳಿದ ಆಸ್ತಿಯೆಂದರೆ ಆ ಹಸ್ತಪ್ರತಿಗಳೇ. ಚೆಲ್ಲಮ್ಮ ತಾವೇ ಪ್ರಕಾಶನಕ್ಕೆ ಕೈ ಹಾಕಿದರೂ ಅದು ಹೆಚ್ಚು ಕಾಲ ನಡೆಯಲಿಲ್ಲ. 1930ರ ದಶಕದ ಆರಂಭಕ್ಕೆ ಹಕ್ಕು ಭಾರತಿಯ ಮಲತಮ್ಮ ವಿಶ್ವನಾಥ ಅಯ್ಯರ್ ಪಾಲಾಯಿತು. ಅವರು ಪುಸ್ತಕಗಳನ್ನು ಶ್ರದ್ಧೆಯಿಂದ ಪ್ರಕಟಿಸಿದರು. ಜೊತೆಗೆ 1934ರಲ್ಲಿ ಹಾಡುಗಳ ಧ್ವನಿಮುದ್ರಣದ ಹಕ್ಕನ್ನು ವ್ಯಾಪಾರಿಯೊಬ್ಬರಿಗೆ 450 ರೂಪಾಯಿಗೆ ಮಾರಿದರು. ಗ್ರಾಮಫೋನು ತಟ್ಟೆ, ರೇಡಿಯೋ, ಮಾತನಾಡುವ ಸಿನಿಮಾ ಮುಂದೆ ಎಷ್ಟು ಬೆಳೆದಾವು ಎಂಬ ಅಂದಾಜು ಆಗ ಯಾರಿಗಿತ್ತು?

ಮೆಯ್ಯಪ್ಪನ್‌ಗೆ ಇತ್ತು. ಆ ವ್ಯಾಪಾರಿಯಿಂದ ಹಕ್ಕು ಕೊಂಡ ಅವರು 1947ರ ‘ನಾಮ್ ಇರುವರ್’ ಚಿತ್ರದಲ್ಲಿ ಡಿ.ಕೆ. ಪಟ್ಟಮ್ಮಾಳ್ ಕಂಠದಲ್ಲಿ ಭಾರತಿಯ ಹಾಡುಗಳನ್ನು ತಮಿಳುನಾಡಿಗೆಲ್ಲ ಕೇಳಿಸಿದರು. ಮರುವರ್ಷ ನಾಟಕದವರಾದ ಟಿ.ಕೆ. ಷಣ್ಮುಗಂ ತಮ್ಮ ‘ಬಿಲ್ಹಣನ್’ ಚಿತ್ರದಲ್ಲಿ ಭಾರತಿಯ ಹಾಡೊಂದನ್ನು ಬಳಸಿದಾಗ ಮೆಯ್ಯಪ್ಪನ್ ದಾವೆ ಹೂಡಿದರು. ಕಾನೂನು ಅವರ ಕಡೆಗೇ ಇತ್ತು. ಆಗಿನ ಲೆಕ್ಕದಲ್ಲಿ ಲೇಖಕ ತೀರಿಕೊಂಡ ಮೇಲೆ 50 ವರ್ಷ ಹಕ್ಕು ಉಳಿಯುತ್ತಿತ್ತು. ಭಾರತಿಯ ಬರಹ 1971ರವರೆಗೂ ಬಿಡುಗಡೆ ಕಾಣುವಂತಿರಲಿಲ್ಲ.

ಸ್ವಾತಂತ್ರ್ಯದ ಹೊಸದರಲ್ಲಿ ಸ್ವಾತಂತ್ರ್ಯದ ಕವಿಯೇ ಒಬ್ಬರ ಸ್ವತ್ತಾಗಿರುವುದನ್ನು ತಮಿಳರು ಸಹಿಸಲಿಲ್ಲ. ನಾರಣ ದುರೈಕ್ಕಣ್ಣನ್ ಮೊದಲಾದ ಬರಹಗಾರರು ಸಂಘ ಕಟ್ಟಿದರು, ಚೆಲ್ಲಮ್ಮನವರನ್ನು ಕಂಡು ಅವರ ಒಪ್ಪಿಗೆ ಪಡೆದರು. ಓಮಂದೂರ್ ರಾಮಸ್ವಾಮಿ ರೆಡ್ಡಿಯಾರ್ ಅವರ ಮದರಾಸು ಸರ್ಕಾರ 1949ರಲ್ಲಿ ಹಕ್ಕನ್ನು ವಹಿಸಿಕೊಂಡಿತು. ಮೆಯ್ಯಪ್ಪನ್ ಕಾಸು ಪಡೆಯದೆ ತಮ್ಮ ಪಾಲನ್ನು ಬಿಟ್ಟುಕೊಟ್ಟರು. ವಿಶ್ವನಾಥ ಅಯ್ಯರ್‌ಗೆ 15,000 ರೂಪಾಯಿ ಸಂದಿತು. ಚೆಲ್ಲಮ್ಮ ಮತ್ತು ಹೆಣ್ಣುಮಕ್ಕಳಿಗೆ ತಲಾ 5,000. ಕೆಲವೇ ವರ್ಷಗಳಲ್ಲಿ ಭಾರತಿಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಡಬಹುದು ಎಂದಾಯಿತು.

ಈ ಕಥೆಯನ್ನು ಹಾಡಿನ ಬಿಡುಗಡೆಯ ಕಥೆಯಾಗಿ ಹೇಳುವುದು ವಾಡಿಕೆ. ಹಾಡಿಗೆ ಒಡೆಯರಿದ್ದುದೇ ತಪ್ಪು ಎಂಬ ಧ್ವನಿ ಅದರಲ್ಲಿದೆ. ಆದರೆ ಬರೆದದ್ದಕ್ಕೆ ಬೆಲೆ ಸಿಗಲಿ ಎಂದು ಕವಿಯೇ ಊರೂರಿಗೆ ಪತ್ರ ಬರೆದಿದ್ದರಲ್ಲ! ಬಡತನದ ಒತ್ತಡಕ್ಕೆ ಸಿಕ್ಕಿ ಆ ಬೆಲೆ ಮನೆಯವರ ಕೈತಪ್ಪಿ ಹೋದದ್ದು ಇಲ್ಲಿನ ನಿಜವಾದ ಅನ್ಯಾಯ.

ಮುಂದೆ ತಮಿಳುನಾಡು ಹೀಗೆ ಹಕ್ಕು ವಹಿಸಿಕೊಳ್ಳುವುದನ್ನೇ ಪದ್ಧತಿ ಮಾಡಿಕೊಂಡಿತು. ವಾರಸುದಾರರಿಗೆ ಒಂದೇ ಗಂಟಿನಲ್ಲಿ ಹಣ ಕೊಟ್ಟು, ಭಾರತಿದಾಸನ್, ಅಣ್ಣಾದುರೈ, ಕಲ್ಕಿ ಸೇರಿ ನೂರಕ್ಕೂ ಹೆಚ್ಚು ಲೇಖಕರ ಬರಹಗಳನ್ನು ಸಾರ್ವಜನಿಕಗೊಳಿಸಿದೆ. ಕರ್ನಾಟಕದಲ್ಲಿ ಇಂಥ ಪ್ರಶ್ನೆ ಕೋರ್ಟಿನಲ್ಲೇ ತೀರ್ಮಾನವಾದದ್ದುಂಟು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಉಯಿಲಿನಂತೆ ಅವರ ಸಹಾಯಕಿಯಾಗಿದ್ದ ಮಾಲಿನಿ ಮಲ್ಯರಿಗೇ ಸೇರಿದ್ದೆಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಚೆನ್ನೈನಲ್ಲಿ ಸರ್ಕಾರ ಪ್ರಕಟಿಸಿದ, ಬರಹ ಸಾರ್ವಜನಿಕಗೊಳ್ಳಲಿದ್ದ ಲೇಖಕರ ಪಟ್ಟಿಯಲ್ಲಿ ಕಣ್ಣದಾಸನ್ ಮತ್ತು ಸುಂದರ ರಾಮಸ್ವಾಮಿ ಅವರ ಹೆಸರುಗಳಿದ್ದವು. ಎರಡೂ ಮನೆಯವರು ಹಣ ಬೇಡವೆಂದರು, ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡರು.