ಎರಡು ನಿಮಿಷದ ಹಾರಾಟದ ಹಿಂದಿನ ಕಥೆ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ, ಆರ್ಕ್ನಿ ದ್ವೀಪಸಮೂಹದಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳಿವೆ. ಎರಡರಲ್ಲೂ ಒಂದೊಂದು ಪುಟ್ಟ ವಿಮಾನ ನಿಲ್ದಾಣ. ನಡುವಿನ ಅಂತರ ಸುಮಾರು 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಹಾರಾಟದ ಅವಧಿ 2 ನಿಮಿಷ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4 ಕಿ.ಮೀ. ಉದ್ದವಿದೆ, ಅದೊಂದರ ಉದ್ದದೊಳಗೆ ಈ ಇಡೀ ಪ್ರಯಾಣ ಅಡಗಿಬಿಡುತ್ತದೆ!

ಬ್ರಿಟನ್ನಿನಲ್ಲಿರುವ ನಮಗೆ ಇದು ರಸಪ್ರಶ್ನೆಯ ಸರಕು. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಎಂದು ಮಕ್ಕಳಿಗೆ ಹೇಳಿ ನಗಿಸುತ್ತೇವೆ. ಇಷ್ಟು ದೂರಕ್ಕೆ ವಿಮಾನವೇ ಬೇಕಿತ್ತೇ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಚರಿತ್ರೆಯನ್ನು ಓದಿದ ಮೇಲೆ ತಿಳಿದದ್ದು, ಪ್ರಶ್ನೆಯೇ ತಪ್ಪೆಂದು.

ಆರ್ಕ್ನಿಗೆ ವಿಮಾನ ತಂದವರಲ್ಲಿ ಮೊದಲಿಗರು ಕ್ಯಾಪ್ಟನ್ ಫ್ರೆಸನ್. ಅವರ ಹೈಲ್ಯಾಂಡ್ ಏರ್‌ವೇಸ್ 1933ರ ಮೇ ತಿಂಗಳಲ್ಲಿ ಇನ್ವರ್ನೆಸ್‌ನಿಂದ ವಿಕ್ ಮಾರ್ಗವಾಗಿ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ಸೇವೆ ಆರಂಭಿಸಿತು. ಮರುವರ್ಷ ಮೇ 29ರಂದು ಅದೇ ಮಾರ್ಗದಲ್ಲಿ, ಹೆಚ್ಚುವರಿ ದರವಿಲ್ಲದೆ ಸಾಮಾನ್ಯ ಅಂಚೆ ಚೀಟಿಯಲ್ಲೇ ಕಾಗದಗಳು ವಿಮಾನದಲ್ಲಿ ಹೋಗತೊಡಗಿದವು. ಕರ್ಕ್‌ವಾಲ್‌ನಿಂದ ಸುತ್ತಲಿನ ಸಣ್ಣ ದ್ವೀಪಗಳಿಗೂ ಫ್ರೆಸನ್ ಹಾರಿದರು. ರೈತರ ಹುಲ್ಲುಗಾವಲುಗಳೇ ನಿಲ್ದಾಣ. ಎರಡನೇ ಮಹಾಯುದ್ಧ ಬಂದು ದ್ವೀಪಗಳ ನಡುವಿನ ಆ ಸೇವೆ ನಿಂತುಹೋಯಿತು.

ಅದು ಮತ್ತೆ ಚಿಗುರಿದ್ದು 1967ರಲ್ಲಿ. ಕಟ್ಟಡ ಗುತ್ತಿಗೆದಾರ ವಿಲ್ಲಿ ಲೋಗನ್ 1962ರಲ್ಲಿ ತಮ್ಮ ಕಂಪನಿಯ ಓಡಾಟಕ್ಕೆಂದು ಹುಟ್ಟುಹಾಕಿದ ಲೋಗನ್‌ಏರ್ ಈ ದ್ವೀಪಗಳಿಗೆ ವಿಮಾನ ಬಿಟ್ಟಿತು. ಅದೃಷ್ಟಕ್ಕೆ, ತಕ್ಕ ವಿಮಾನವೂ ಆಗಲೇ ಸಿದ್ಧವಾಗಿತ್ತು: ಬ್ರಿಟನ್-ನಾರ್ಮನ್ ಐಲ್ಯಾಂಡರ್. ಎರಡು ಎಂಜಿನ್, ಎಂಟು-ಒಂಬತ್ತು ಮಂದಿಗೆ ಜಾಗ; ಐನೂರು ಮೀಟರಿನ ಆಸುಪಾಸಿನ ಒರಟು ರನ್‌ವೇ ಸಾಕು. ಅದೇ ಮಾದರಿ ಇಂದಿಗೂ ಅಲ್ಲಿ ಹಾರುತ್ತಿದೆ.

ಈಗ ನಕ್ಷೆ ನೋಡಿ. ಕರ್ಕ್‌ವಾಲ್‌ನಿಂದ ಈ ಎರಡೂ ದ್ವೀಪಗಳ ನಿಲ್ದಾಣಗಳು ಉತ್ತರಕ್ಕೆ ಸುಮಾರು 44 ಕಿ.ಮೀ. ದೂರದಲ್ಲಿವೆ. ಹಡಗಿನಲ್ಲಿ ವೆಸ್ಟ್ರೇ ತಲುಪಲು ಹತ್ತಿರ ಹತ್ತಿರ ಒಂದೂವರೆ ಗಂಟೆ ಬೇಕು. ವಿಮಾನಕ್ಕೆ ಕಾಲು ಗಂಟೆಯ ಮಾತು. ಒಂದೊಂದು ದ್ವೀಪಕ್ಕೂ ಬೇರೆ ಬೇರೆ ವಿಮಾನ ಬಿಡುವಷ್ಟು ಜನರಿಲ್ಲ. ಹಾಗಾಗಿ ಕರ್ಕ್‌ವಾಲ್‌ನಿಂದ ಹೊರಟ ವಿಮಾನ ಒಂದು ದ್ವೀಪದಲ್ಲಿಳಿದು, ಪಕ್ಕದ್ದಕ್ಕೆ ಹಾರಿ, ಮರಳುತ್ತದೆ. ನಮ್ಮೂರ ಬಸ್ಸು ಎರಡು ಹಳ್ಳಿ ಸುತ್ತಿಕೊಂಡು ತಾಲ್ಲೂಕು ಕೇಂದ್ರಕ್ಕೆ ವಾಪಸಾದ ಹಾಗೆ. ಆ ಎರಡು ಹಳ್ಳಿಗಳ ನಡುವಿನ ತುಣುಕೇ ಜಗತ್ಪ್ರಸಿದ್ಧ 2 ನಿಮಿಷ.

ಪೈಲಟ್ ಸ್ಟುವರ್ಟ್ ಲಿಂಕ್‌ಲೇಟರ್ ಒಮ್ಮೆ ಇದನ್ನು 53 ಸೆಕೆಂಡಿನಲ್ಲಿ ಮುಗಿಸಿದ್ದು ದಾಖಲೆ. ಪ್ರವಾಸಿಗರಿಗೆ ಪ್ರಮಾಣಪತ್ರವೂ ಸಿಗುತ್ತದೆ. ಅದು ಇರಲಿ. ಆ ಸೀಟುಗಳಲ್ಲಿ ಕೂರುವವರಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಪಾಠ ಹೇಳುವ ಶಿಕ್ಷಕರಿದ್ದಾರೆ, ವೈದ್ಯರಿದ್ದಾರೆ, ಕರ್ಕ್‌ವಾಲ್ ಆಸ್ಪತ್ರೆಗೆ ಹೊರಟ ರೋಗಿಗಳಿದ್ದಾರೆ. ಟಿಕೆಟ್ಟಿನ ಹಣದಿಂದ ಈ ಸೇವೆ ನಡೆಯದು. ಸ್ಥಳೀಯ ಆಡಳಿತದ ನೆರವಿದೆ. ಲಾಭ-ನಷ್ಟದ ಲೆಕ್ಕ ಹಿಡಿದರೆ ಇದು ನಾಳೆಯೇ ನಿಲ್ಲಬೇಕಾದ ಮಾರ್ಗ.

ಪಾಪಾ ವೆಸ್ಟ್ರೇಯಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಮನೆಗಳು ಇನ್ನೂ ನಿಂತಿವೆ. ಅಷ್ಟು ಕಾಲದಿಂದ ಜನ ಬಾಳಿದ ಆ ದ್ವೀಪದಲ್ಲಿ 2001ರ ಜನಗಣತಿಯ ವೇಳೆಗೆ ಉಳಿದಿದ್ದವರು 65 ಮಂದಿ. 2011ರಲ್ಲಿ ಆ ಸಂಖ್ಯೆ 90ಕ್ಕೆ ಏರಿತು. ವಿಮಾನವೊಂದರಿಂದಲೇ ಹೀಗಾಯಿತು ಎನ್ನಲಾರೆ. ಆದರೆ ಚಿಕ್ಕ ಮಕ್ಕಳಿರುವ ಕುಟುಂಬವೊಂದು ಅಲ್ಲಿ ಮನೆ ಮಾಡುವ ಮುನ್ನ ಕೇಳುವ ಮೊದಲ ಪ್ರಶ್ನೆ, ರಾತ್ರಿ ಜ್ವರ ಬಂದರೆ ಬೆಳಗ್ಗೆ ಡಾಕ್ಟರ ಬಳಿ ಹೋಗುವುದು ಹೇಗೆ ಎಂಬುದೇ ಇರಬೇಕು.